ಹುಟ್ಟುಹಬ್ಬಕ್ಕೆ ಎಂಬತ್ತು ಕಿಲೋಮೀಟರ್: ಗೆಳೆಯರ ಗುಂಪಿನ ಸೈಕಲ್ ಸವಾರಿ ಏರ್ಪಡಿಸುವ ಬಗೆ

ಹುಟ್ಟುಹಬ್ಬದ ದಿನ ತನ್ನ ವಯಸ್ಸಿನಷ್ಟೇ ಕಿಲೋಮೀಟರ್ ಸೈಕಲ್ ತುಳಿಯುವ ರೂಢಿ ಸೈಕಲ್ ಹವ್ಯಾಸಿಗಳಲ್ಲಿದೆ. ನಲವತ್ತು ತುಂಬಿದವರು ನಲವತ್ತು ಕಿಲೋಮೀಟರ್ ಹೋಗುತ್ತಾರೆ, ಹುರುಪು ಹೆಚ್ಚಿದ್ದರೆ ಅದರ ಎರಡರಷ್ಟು. ಒಬ್ಬರೇ ಹೊರಡುವುದಾದರೆ ಇದಕ್ಕೆ ವಿಶೇಷ ಏರ್ಪಾಡೇನೂ ಬೇಕಿಲ್ಲ. ಆದರೆ ಹತ್ತು ಹನ್ನೆರಡು ಗೆಳೆಯರು ಕೂಡಿ ಹೊರಡುವಾಗ ಅವರಲ್ಲಿ ಕೆಲವರು ವಾರವಾರವೂ ತುಳಿಯುವವರಾಗಿರುತ್ತಾರೆ, ಕೆಲವರು ಕಾಲೇಜು ಮುಗಿದ ಮೇಲೆ ಸೈಕಲ್ ಮುಟ್ಟದವರಾಗಿರುತ್ತಾರೆ, ಇನ್ನು ಕೆಲವರು ಹಿಂದಿನ ದಿನವಷ್ಟೇ ಬಾಡಿಗೆಗೆ ಸೈಕಲ್ ತಂದವರಾಗಿರುತ್ತಾರೆ. ಇವರೆಲ್ಲರನ್ನೂ ಒಂದೇ ದಾರಿಯಲ್ಲಿ, ಒಂದೇ ಊಟದ ಹೊತ್ತಿಗೆ, ನಗುನಗುತ್ತಲೇ ತಲುಪಿಸುವುದು ಯಾರಾದರೊಬ್ಬರು ಮುಂಚಿತವಾಗಿ ಕುಳಿತು ಯೋಚಿಸಬೇಕಾದ ಕೆಲಸ. ಈ ಬರಹವು ಆ ಹೊಣೆ ಹೊತ್ತವರಿಗಾಗಿ. ದೂರವನ್ನು ಬೇಕಾದರೆ ವಯಸ್ಸು ನಿರ್ಧರಿಸಲಿ. ಆದರೆ ಹೊರಡುವ ಸಮಯ, ಸಾಗುವ ವೇಗ ಮತ್ತು ನಿಲ್ಲುವ ಜಾಗಗಳನ್ನು ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ತುಳಿಯುವವರ ಲೆಕ್ಕದಲ್ಲೇ ನಿರ್ಧರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ, ಮತ್ತು ಮುಂದೆ ಹೇಳುವುದೆಲ್ಲ ಅದನ್ನೇ ಆಧರಿಸಿದೆ.

ದಾರಿಯನ್ನು ಆರಿಸುವುದು

ಉದಾಹರಣೆಗೆ ಮೈಸೂರಿನಿಂದ ಹೊರಟು ಮೈಸೂರಿಗೇ ಮರಳುವ ಒಂದು ಸುತ್ತನ್ನು ತೆಗೆದುಕೊಳ್ಳೋಣ. ಮೈಸೂರಿನಿಂದ ವರುಣ ಗ್ರಾಮದ ಮೂಲಕ ತಿರುಮಕೂಡಲು ನರಸೀಪುರಕ್ಕೆ ಸುಮಾರು 30 ಕಿ.ಮೀ.; ಅಲ್ಲಿಂದ ಸೋಮನಾಥಪುರ, ಸೋಮನಾಥಪುರದಿಂದ ಬನ್ನೂರು, ಬನ್ನೂರಿನಿಂದ ಮತ್ತೆ ಮೈಸೂರು. ಒಟ್ಟು ಸುಮಾರು 80 ಕಿ.ಮೀ. ಆಗುತ್ತದೆ. ನಲವತ್ತರ ಗೆಳೆಯನಿಗೆ ವಯಸ್ಸಿನ ಎರಡರಷ್ಟು ಎಂಬ ಲೆಕ್ಕ ಇಲ್ಲಿ ತಾನಾಗಿಯೇ ಕೂಡಿಬರುತ್ತದೆ. ಅರವತ್ತು ತುಂಬಿದವರಿದ್ದರೆ ನರಸೀಪುರಕ್ಕೆ ಹೋಗಿ ಅದೇ ದಾರಿಯಲ್ಲಿ ಹಿಂದಿರುಗಬಹುದು. ಐವತ್ತಕ್ಕೆ ಬನ್ನೂರಿಗೆ ಹೋಗಿಬರುವುದು ಸರಿಹೊಂದುತ್ತದೆ. ನೂರು ದಾಟಲೇಬೇಕೆಂಬ ಹಟವಿದ್ದವರು ನರಸೀಪುರದಿಂದ ತಲಕಾಡಿಗೆ ಹೋಗಿಬರುವುದನ್ನು ಸೇರಿಸಿಕೊಳ್ಳಬಹುದು. ಆಗ ಮೂವತ್ತೈದು ಕಿಲೋಮೀಟರಿನಷ್ಟು ಹೆಚ್ಚಾಗುತ್ತದೆ. ಆದರೆ ಮಿಶ್ರ ಗುಂಪಿಗೆ ಆ ಸೇರ್ಪಡೆಯನ್ನು ನಾನು ಸೂಚಿಸುವುದಿಲ್ಲ, ಏಕೆಂದರೆ ಅದು ಸೇರಿದರೆ ಮಧ್ಯಾಹ್ನದ ಬಿಸಿಲೆಲ್ಲ ರಸ್ತೆಯ ಮೇಲೆಯೇ ಕಳೆಯುತ್ತದೆ.

ಸುತ್ತನ್ನು ಯಾವ ದಿಕ್ಕಿನಿಂದ ಹಿಡಿಯಬೇಕು ಎಂಬುದೂ ಮುಖ್ಯ. ಮೈಸೂರಿನಿಂದ ನರಸೀಪುರಕ್ಕೆ ಹೋಗುವ ರಸ್ತೆಯು ಕೋಯಿಕ್ಕೋಡಿನಿಂದ ಕೊಳ್ಳೇಗಾಲಕ್ಕೆ ಸಾಗುವ 766ನೇ ರಾಷ್ಟ್ರೀಯ ಹೆದ್ದಾರಿಯ ಭಾಗ. ರಜೆಯ ದಿನ ಬಿಸಿಲೇರಿದಂತೆ ತಲಕಾಡು, ಶಿವನಸಮುದ್ರಗಳ ಕಡೆಗೆ ಹೋಗುವ ಕಾರು, ಟೆಂಪೊಗಳು ಇಲ್ಲಿ ಹೆಚ್ಚುತ್ತವೆ. ಆದ್ದರಿಂದ ಹೆದ್ದಾರಿಯ ಭಾಗವನ್ನು ಬೆಳಗಿನ ಮೊದಲ ಎರಡು ತಾಸಿನಲ್ಲೇ, ಎಲ್ಲರ ಕಾಲಿನಲ್ಲೂ ಕಣ್ಣಿನಲ್ಲೂ ಚುರುಕು ಇರುವಾಗಲೇ ಮುಗಿಸಿ, ಬನ್ನೂರಿನ ದಾರಿಯಲ್ಲಿ ಹಿಂದಿರುಗುವುದು ಮೇಲು. ಇದರಿಂದ ಇನ್ನೊಂದು ಅನುಕೂಲವೂ ಇದೆ: ನರಸೀಪುರದಲ್ಲಿ ತಿಂಡಿ ಮುಗಿಸಿ ಹೊರಟರೆ ಸೋಮನಾಥಪುರಕ್ಕೆ ತಲುಪುವ ಹೊತ್ತಿಗೆ ಗುಡಿಯ ಬಾಗಿಲು ತೆರೆದಿರುತ್ತದೆ. ಬನ್ನೂರಿನಿಂದ ಶುರುಮಾಡಿದವರು ಬೇಗ ತಲುಪಿ ಗೇಟಿನ ಹೊರಗೆ ಕಾಯಬೇಕಾಗಬಹುದು.

ನಕ್ಷೆಯಲ್ಲಿ ಕಣ್ಣಿಗೆ ಬೀಳದ ಒಂದು ಸಂಗತಿಯನ್ನು ಎಲ್ಲರಿಗೂ ಮೊದಲೇ ತಿಳಿಸಬೇಕು. ಮೈಸೂರು ನಗರವು ನದಿ ಬಯಲಿನ ನರಸೀಪುರಕ್ಕಿಂತ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಬೆಳಿಗ್ಗೆ ಹೋಗುವಾಗ ರಸ್ತೆ ಏರಿಳಿಯುತ್ತಲೇ ಒಟ್ಟಾರೆ ಇಳಿಜಾರಾಗಿರುವುದರಿಂದ ಸೈಕಲ್ಲು ತಾನಾಗಿಯೇ ಓಡುತ್ತದೆ; ಹೊಸಬರೂ ಗಂಟೆಗೆ 22 ಕಿ.ಮೀ. ವೇಗ ಕಂಡು ತಾವು ಅಂದುಕೊಂಡದ್ದಕ್ಕಿಂತ ಗಟ್ಟಿಗರೆಂದು ನಂಬುತ್ತಾರೆ. ಇಳಿದ ಎತ್ತರವನ್ನೆಲ್ಲ ಹಿಂದಿರುಗುವಾಗ, ಬಿಸಿಲಿನಲ್ಲಿ, ದಣಿದ ಕಾಲಿನಲ್ಲಿ ಏರಬೇಕು. ಕಡಿದಾದ ಏರು ಎಲ್ಲೂ ಇಲ್ಲ, ನಿಜ. ಆದರೆ ಕಣ್ಣಿಗೆ ಸಮತಟ್ಟಾಗಿ ಕಾಣುತ್ತಲೇ ಕಾಲನ್ನು ಹಿಂಡುವ ಇಂಥ ರಸ್ತೆಯೇ ಹೊಸಬರನ್ನು ಕಂಗೆಡಿಸುವುದು. ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬಲವಾಗಿ ಬೀಸುವುದರಿಂದ ಬನ್ನೂರಿನಿಂದ ಮೈಸೂರಿಗೆ ಬರುವಾಗ ಅದು ಎದುರಿಗೇ ಬರುತ್ತದೆ. ನವೆಂಬರಿನಿಂದ ಫೆಬ್ರವರಿವರೆಗೆ ಗಾಳಿ ಬಹುಪಾಲು ಮೂಡಣ ಕಡೆಯಿಂದ ಬರುವುದರಿಂದ ಹಿಂದಿರುಗುವ ದಾರಿಯಲ್ಲಿ ಬೆನ್ನಿಗೆ ಆಸರೆಯಾಗುತ್ತದೆ. ಹುಟ್ಟುಹಬ್ಬ ಏಪ್ರಿಲ್, ಮೇ ತಿಂಗಳಲ್ಲಿ ಬಂದರೆ ಸವಾರಿಯನ್ನು ಐವತ್ತು ಕಿಲೋಮೀಟರಿಗೆ ಇಳಿಸಿ ಹತ್ತು ಗಂಟೆಯೊಳಗೆ ಮುಗಿಸಬೇಕು, ಇಲ್ಲವೇ ನೇರವಾಗಿ ಚಳಿಗಾಲಕ್ಕೆ ಮುಂದೂಡಬೇಕು. ಹುಟ್ಟಿದ ದಿನಾಂಕಕ್ಕೇ ಅಂಟಿಕೊಳ್ಳಬೇಕೆಂಬ ನಿಯಮ ಎಲ್ಲೂ ಇಲ್ಲ.

ದಿನ ಗೊತ್ತುಮಾಡುವಾಗ ಪಂಚಾಂಗವನ್ನೂ ಒಮ್ಮೆ ನೋಡಬೇಕಾಗುತ್ತದೆ. ನರಸೀಪುರದ ಸಂಗಮದಲ್ಲಿ ಮೂರು ವರ್ಷಕ್ಕೊಮ್ಮೆ ಮಾಘ ಮಾಸದಲ್ಲಿ ಕುಂಭಮೇಳ ನಡೆಯುತ್ತದೆ. 1989ರಲ್ಲಿ ಆರಂಭವಾದ ಈ ಮೇಳ 2025ರ ಫೆಬ್ರವರಿಯಲ್ಲಿಯೂ ನಡೆಯಿತು. ಅಂಥ ದಿನಗಳಲ್ಲಿ ಈ ರಸ್ತೆಯ ಮೇಲೆ ಸೈಕಲ್ ಗುಂಪನ್ನು ಕರೆದೊಯ್ಯುವುದು ವಿವೇಕವಲ್ಲ. ಮೈಸೂರು ದಸರೆಯ ವಾರಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಬೆಂಗಳೂರಿನಿಂದ ಬರುವ ಗೆಳೆಯರು ಸೈಕಲ್ ತುಳಿದೇ ಮೈಸೂರಿಗೆ ಬರುವ ಉತ್ಸಾಹ ತೋರಿಸಿದರೆ, ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೂ ಸೈಕಲ್‌ನಂಥ ಯಂತ್ರರಹಿತ ವಾಹನಗಳಿಗೂ ಪ್ರವೇಶ ನಿಷೇಧಿಸಲಾಗಿದೆ ಎಂಬುದನ್ನು ನೆನಪಿಸಬೇಕು. ಅವರು ಸರ್ವಿಸ್ ರಸ್ತೆಯನ್ನೇ ಹಿಡಿಯಬೇಕು. ಹಿಂದಿನ ದಿನ ಅಷ್ಟು ದೂರ ತುಳಿದು ಬಂದವರು ಮರುದಿನ ಹುಟ್ಟುಹಬ್ಬದಲ್ಲಿ ಮಂಕಾಗಿ ಕೂರುವುದು ನಿಶ್ಚಿತವಾದ್ದರಿಂದ, ಕಾರಿನ ಮೇಲೆ ಸೈಕಲ್ ಹೇರಿಕೊಂಡು ಬರುವುದೋ ಮೈಸೂರಿನಲ್ಲೇ ಬಾಡಿಗೆಗೆ ಪಡೆಯುವುದೋ ಒಳ್ಳೆಯದು.

ಸಮಯದ ಲೆಕ್ಕ

ಗುಂಪು ಸವಾರಿಗಳು ಹಳಿ ತಪ್ಪುವುದು ಹೆಚ್ಚಾಗಿ ಸಮಯದ ಲೆಕ್ಕದಲ್ಲಿ. ಸೈಕಲ್ಲಿನ ಮೀಟರು ತೋರಿಸುವ ವೇಗಕ್ಕೂ ದಿನದ ಕೊನೆಯಲ್ಲಿ ಕೈಗೆ ಸಿಗುವ ಸರಾಸರಿಗೂ ಬಹಳ ವ್ಯತ್ಯಾಸವಿರುತ್ತದೆ. ಬ್ರೆವೆ ಎಂಬ, ಗಡುವಿನೊಳಗೆ ಮುಗಿಸಬೇಕಾದ ದೂರ ಸವಾರಿಗಳಲ್ಲಿ 200 ಕಿ.ಮೀ. ಮುಗಿಸಲು ಹದಿಮೂರೂವರೆ ಗಂಟೆ ಕೊಡುತ್ತಾರೆ. ಅಂದರೆ ನಿಲುಗಡೆಗಳೂ ಸೇರಿ ಗಂಟೆಗೆ ಸುಮಾರು 15 ಕಿ.ಮೀ. ಅಭ್ಯಾಸವುಳ್ಳವರು ಗುರಿಯಿಟ್ಟುಕೊಂಡು ತುಳಿದಾಗಿನ ಅಳತೆಯಿದು. ಹರಟುತ್ತ, ಫೋಟೊ ತೆಗೆಯುತ್ತ, ಒಬ್ಬರಿಗೊಬ್ಬರು ಕಾಯುತ್ತ ಸಾಗುವ ಹುಟ್ಟುಹಬ್ಬದ ಗುಂಪಿಗೆ ನಿಲುಗಡೆಗಳೂ ಸೇರಿ ಗಂಟೆಗೆ ಹತ್ತು ಕಿಲೋಮೀಟರ್ ಎಂದು ಹಿಡಿದರೆ ಲೆಕ್ಕ ತಪ್ಪುವುದಿಲ್ಲ. ಎಂಬತ್ತು ಕಿಲೋಮೀಟರಿಗೆ ಎಂಟು ಗಂಟೆ. ಹತ್ತು ನಿಮಿಷದ ವಿರಾಮ ಎಂದು ಸಾರಿದ ನಿಲುಗಡೆ ಹನ್ನೆರಡು ಜನರ ಗುಂಪಿನಲ್ಲಿ ಇಪ್ಪತ್ತೈದಕ್ಕಿಂತ ಮೊದಲು ಮುಗಿಯುವುದಿಲ್ಲ. ಒಬ್ಬರು ಹೆಲ್ಮೆಟ್ ಹಾಕಿಕೊಳ್ಳುವಾಗ ಇನ್ನೊಬ್ಬರು ಕಾಫಿಗೆ ಹೇಳಿರುತ್ತಾರೆ.

ಚಳಿಗಾಲದಲ್ಲಿ ಮೈಸೂರಿನಲ್ಲಿ ಸೂರ್ಯೋದಯ ಆಗುವುದು ಆರೂವರೆಯ ಆಸುಪಾಸಿನಲ್ಲಿ. ಆರಕ್ಕೆ ಎಲ್ಲರೂ ಸೇರಿ, ಗಾಳಿ, ಬ್ರೇಕು ನೋಡಿಕೊಂಡು, ಆರೂಕಾಲಿಗೆ ಹೊರಡುವುದು ಸೂಕ್ತ. ಸೇರುವ ಜಾಗವು ಊರಿನ ಪೂರ್ವದ ಅಂಚಿನಲ್ಲಿ, ನರಸೀಪುರ ರಸ್ತೆಗೆ ಹತ್ತಿರವಾಗಿ, ಕಾರು ನಿಲ್ಲಿಸಲು ಅನುಕೂಲವಾಗುವಂತಿರಬೇಕು. ಎಂಟೂಕಾಲು, ಎಂಟೂವರೆಗೆ ನರಸೀಪುರದಲ್ಲಿ ತಿಂಡಿ. ಹತ್ತರ ಸುಮಾರಿಗೆ ಸೋಮನಾಥಪುರ. ಹನ್ನೊಂದೂಕಾಲಿಗೆ ಅಲ್ಲಿಂದ ಹೊರಟು ಹನ್ನೆರಡರ ಹೊತ್ತಿಗೆ ಬನ್ನೂರು. ಎರಡೂಕಾಲರ ಒಳಗೆ ಮೈಸೂರು. ಈ ಪಟ್ಟಿಯನ್ನು ಎಲ್ಲರಿಗೂ ಕಳಿಸುವಾಗ ಅದರ ಜೊತೆಗೇ ಒಂದು ಕಟ್ಟುನಿಟ್ಟಿನ ಗಡುವನ್ನೂ ಹೇಳಿಬಿಡಬೇಕು: ಸೋಮನಾಥಪುರವನ್ನು ಹನ್ನೆರಡಾದರೂ ಬಿಡಲಾಗದಿದ್ದರೆ ದಣಿದವರು ಅಲ್ಲಿಂದ ಮುಂದೆ ವಾಹನದಲ್ಲಿ ಬರುತ್ತಾರೆ ಎಂದು. ಮೊದಲೇ ಹೇಳಿದ್ದರೆ ಯಾರಿಗೂ ಅವಮಾನವಾಗುವುದಿಲ್ಲ. ರಸ್ತೆಯ ಮೇಲೆ ನಿಂತು ಮೊದಲ ಬಾರಿಗೆ ಹೇಳಿದರೆ ಎಂಥ ಹಳೆಯ ಗೆಳೆಯನಾದರೂ ಮುನಿಸಿಕೊಳ್ಳುತ್ತಾನೆ.

ಆ ವಾಹನದ ಏರ್ಪಾಡನ್ನೂ ಮುಂಚೆಯೇ ಮಾಡಿರಬೇಕು. ನಾಲ್ಕೈದು ಸೈಕಲ್ಲುಗಳನ್ನು ಒಟ್ಟಿಗೆ ಹೇರಬಲ್ಲ ಲಗೇಜ್ ಆಟೊವೊಂದು ಕಾರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅದು ಸೈಕಲ್ಲುಗಳ ಬೆನ್ನ ಹಿಂದೆಯೇ ತೆವಳುತ್ತ ಬರಬಾರದು. ಹಾಗೆ ಬಂದರೆ ಹಿಂದಿನ ವಾಹನಗಳೆಲ್ಲ ತಡೆದು ನಿಂತು, ತಾಳ್ಮೆಗೆಟ್ಟ ಚಾಲಕರು ಅಪಾಯಕಾರಿಯಾಗಿ ಮುನ್ನುಗ್ಗುತ್ತಾರೆ. ವಾಹನವು ಹದಿನೈದು ಕಿಲೋಮೀಟರಿಗೊಂದರಂತೆ ಗೊತ್ತುಮಾಡಿದ ಜಾಗಗಳಿಗೆ ಮುಂದಾಗಿ ಹೋಗಿ, ನೀರಿನ ಕ್ಯಾನು, ಹಣ್ಣು, ಪಂಪು ಇಟ್ಟುಕೊಂಡು ಕಾಯಬೇಕು. ದಣಿದವರು ಸೈಕಲ್ಲನ್ನು ಬಸ್ಸಿಗೆ ಹಾಕಿಕೊಂಡು ಬರುತ್ತಾರೆ ಎಂಬ ಲೆಕ್ಕಾಚಾರ ಬೇಡ. ಈಗಿನ ಬಸ್ಸುಗಳಲ್ಲಿ ಅದಕ್ಕೆ ಜಾಗ ಸಿಗುವುದು ಕಷ್ಟ.

ಸೈಕಲ್ಲು, ಸವಾರರು

ಸವಾರಿಗೆ ಆರು ವಾರ ಮೊದಲೇ ಆಹ್ವಾನ ಕಳಿಸಬೇಕು. ಅಭ್ಯಾಸವಿಲ್ಲದವರು ವಾರಕ್ಕೊಂದು ದೀರ್ಘ ಸವಾರಿಯನ್ನು ಇಪ್ಪತ್ತು ಕಿಲೋಮೀಟರಿನಿಂದ ಆರಂಭಿಸಿ, ವಾರವಾರವೂ ಎಂಟು ಹತ್ತು ಕಿಲೋಮೀಟರ್ ಹೆಚ್ಚಿಸುತ್ತ ಐವತ್ತೈದು ಅರವತ್ತಕ್ಕೆ ಮುಟ್ಟಿದರೆ ಎಂಬತ್ತನ್ನು ಗುಂಪಿನ ಜೊತೆಯಲ್ಲಿ ಮುಗಿಸುವುದು ಕಷ್ಟವಾಗುವುದಿಲ್ಲ. ಕೊನೆಯ ವಾರ ಕಾಲಿಗೆ ವಿಶ್ರಾಂತಿ ಬೇಕು. ಈ ಅಭ್ಯಾಸದಿಂದ ಕಾಲಿನ ಬಲಕ್ಕಿಂತ ಮೊದಲು ಗೊತ್ತಾಗುವುದು ಸೀಟಿನ ತೊಂದರೆ, ಅಂಗೈ ಜೋಮು, ಕತ್ತಿನ ನೋವುಗಳು. ಅವನ್ನು ಸರಿಪಡಿಸಿಕೊಳ್ಳಲು ಸಮಯ ಸಿಗುವುದೇ ಅಭ್ಯಾಸದ ದೊಡ್ಡ ಲಾಭ.

ನಮ್ಮಲ್ಲಿ ಬಹುಪಾಲು ಜನ ಸೀಟನ್ನು ಬಹಳ ಕೆಳಗಿಟ್ಟುಕೊಂಡು ತುಳಿಯುತ್ತಾರೆ. ಮಂಡಿಯ ಮುಂಭಾಗ ನೋಯುವುದಕ್ಕೆ ಇದೇ ಸಾಮಾನ್ಯ ಕಾರಣ. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟಾಗ, ಪೆಡಲು ಅತ್ಯಂತ ಕೆಳಗಿರುವಂತೆ, ಕಾಲು ನೆಟ್ಟಗೆ ಚಾಚಿಕೊಳ್ಳಬೇಕು. ಆಗ ಅಂಗಾಲಿನ ಮುಂಭಾಗದಿಂದ ತುಳಿಯುವಾಗ ಮಂಡಿಯಲ್ಲಿ ಬೇಕಾದಷ್ಟೇ ಬಾಗು ಉಳಿಯುತ್ತದೆ. ಮೆತ್ತನೆಯ ದಪ್ಪ ಜೆಲ್ ಕವರು ಮೊದಲ ಹತ್ತು ಕಿಲೋಮೀಟರಿಗೆ ಸುಖವೆನಿಸಿದರೂ ದೂರ ಹೋದಂತೆ ತೊಡೆಗೆ ಉಜ್ಜುತ್ತದೆ. ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಯೇ ಒಳ್ಳೆಯದು, ಮತ್ತು ಅದರೊಳಗೆ ಬೇರೆ ಒಳ ಉಡುಪು ತೊಡಬಾರದು; ಅದರ ಹೊಲಿಗೆಯೇ ಚರ್ಮವನ್ನು ತರಚುತ್ತದೆ. ಗೇರು ಇರುವವರು ಭಾರದ ಗೇರಿನಲ್ಲಿ ನಿಧಾನವಾಗಿ ಒತ್ತುವ ಬದಲು ಹಗುರ ಗೇರಿನಲ್ಲಿ ಚುರುಕಾಗಿ ತುಳಿಯುವ ರೂಢಿ ಮಾಡಿಕೊಂಡರೆ ಕೊನೆಯ ಇಪ್ಪತ್ತು ಕಿಲೋಮೀಟರಿಗೆ ಕಾಲು ಉಳಿದಿರುತ್ತದೆ.

ಸೈಕಲ್ಲಿನ ಸಿದ್ಧತೆಯಲ್ಲಿ ಬ್ರೇಕ್ ಶೂ ಸವೆದಿಲ್ಲವೆಂದು, ಚಕ್ರದ ಕಡ್ಡಿಗಳು ಸಡಿಲವಾಗಿಲ್ಲವೆಂದು, ಚೈನಿಗೆ ಎಣ್ಣೆ ಬಿದ್ದಿದೆಯೆಂದು ಒಂದು ವಾರ ಮೊದಲು ನೋಡಿಕೊಂಡರೆ ಸಾಕು. ಹೆಚ್ಚು ಗಮನ ಕೊಡಬೇಕಾದದ್ದು ಟೈರು, ಟ್ಯೂಬುಗಳಿಗೆ. ತೆಳು ಟೈರಿನ ರೋಡ್ ಬೈಕುಗಳಿಗೆ 80ರಿಂದ 100 ಪಿಎಸ್‌ಐ, ಹೈಬ್ರಿಡ್‌ಗಳಿಗೆ 50ರಿಂದ 60ರವರೆಗೆ ಗಾಳಿ ಬೇಕಾಗುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಮಿತಿಯನ್ನು ಮೀರಬಾರದು. ಗುಂಪಿನಲ್ಲಿ ಎಷ್ಟು ಬಗೆಯ ವಾಲ್ವುಗಳಿವೆ ಎಂಬುದನ್ನು ಮೊದಲೇ ಪಟ್ಟಿ ಮಾಡಿಕೊಳ್ಳಬೇಕು. ಹಳೆಯ ಸಾದಾ ಸೈಕಲ್ಲುಗಳಲ್ಲಿ ರಬ್ಬರಿನ ವಾಲ್‌ಟ್ಯೂಬ್ ಇರುವ ವಾಲ್ವು, ಹೆಚ್ಚಿನ ಹೈಬ್ರಿಡ್‌ಗಳಲ್ಲಿ ಬೈಕು, ಕಾರಿನಲ್ಲಿರುವಂಥದ್ದು, ರೋಡ್ ಬೈಕುಗಳಲ್ಲಿ ಸಣ್ಣಗೆ ಉದ್ದವಾಗಿರುವ ಪ್ರೆಸ್ಟಾ. ಈ ಕೊನೆಯದಕ್ಕೆ ಹಳ್ಳಿಯ ಪಂಕ್ಚರ್ ಅಂಗಡಿಯ ಪೈಪು ಕೂರುವುದಿಲ್ಲ. ಹತ್ತಿಪ್ಪತ್ತು ರೂಪಾಯಿಯಷ್ಟೇ ಬಾಳುವಂತೆ ಕಾಣುವ ಪುಟ್ಟ ಹಿತ್ತಾಳೆಯ ಅಡಾಪ್ಟರೊಂದು ಜೇಬಿನಲ್ಲಿಲ್ಲದ ಕಾರಣಕ್ಕೆ ದುಬಾರಿ ಸೈಕಲ್ಲು ಅಂಗಡಿಯ ಮುಂದೆಯೇ ನಿಂತುಬಿಡಬಲ್ಲದು.

ಪ್ರತಿಯೊಬ್ಬರೂ ತಮ್ಮ ಚಕ್ರದ ಅಳತೆಯ ಒಂದು ಹೊಸ ಟ್ಯೂಬು ತರಬೇಕು. ಗುಂಪಿಗೆ ಎರಡು ಪಂಪು, ಟೈರ್ ಲಿವರ್‌ಗಳು, ಪ್ಯಾಚು, ಒಂದು ಮಲ್ಟಿಟೂಲ್ ಸಾಕಾಗುತ್ತದೆ. ಈ ರಸ್ತೆಗಳ ಅಂಚಿನಲ್ಲಿ ಜಾಲಿ ಮುಳ್ಳು ಧಾರಾಳ. ಪಂಕ್ಚರ್ ಆದಾಗ ಟ್ಯೂಬು ಬದಲಿಸುವ ಮೊದಲು ಟೈರಿನ ಒಳಮೈಯನ್ನು ಬೆರಳಿನಿಂದ ನಿಧಾನವಾಗಿ ಸವರಿ, ಸಿಕ್ಕಿಕೊಂಡಿರುವ ಮುಳ್ಳಿನ ತುದಿಯನ್ನು ಹುಡುಕಿ ತೆಗೆಯಲೇಬೇಕು. ಇಲ್ಲದಿದ್ದರೆ ಹೊಸ ಟ್ಯೂಬು ಒಂದು ಕಿಲೋಮೀಟರೂ ಹೋಗುವುದಿಲ್ಲ. ಈ ಕೆಲಸ ಗೊತ್ತಿರುವವರು ಗುಂಪಿನಲ್ಲಿ ಕನಿಷ್ಠ ಇಬ್ಬರಾದರೂ ಇರಬೇಕು, ಮತ್ತು ಹುಟ್ಟುಹಬ್ಬದ ಗೆಳೆಯ ಆ ಇಬ್ಬರಲ್ಲಿ ಒಬ್ಬನಾಗಬಾರದು. ಆತ ಆ ದಿನದ ಮದುಮಗ; ಕೈಗೆ ಗ್ರೀಸ್ ಮೆತ್ತಿಕೊಳ್ಳುವುದು ಬೇರೆಯವರ ಪಾಲಿಗಿರಲಿ.

ರಸ್ತೆಯ ಮೇಲೆ

ಹನ್ನೆರಡು ಜನ ಒಂದೇ ಸಾಲಾಗಿ ಸಾಗಿದರೆ ಹಿಂದಿನಿಂದ ಬರುವ ವಾಹನಕ್ಕೆ ದಾಟಲು ದಾರಿ ಸಿಗುವುದಿಲ್ಲ. ಆರಾರು ಜನರ ಎರಡು ತಂಡ ಮಾಡಿ, ನಡುವೆ ಒಂದು ಲಾರಿ ಸುರಕ್ಷಿತವಾಗಿ ಒಳಗೆ ಸೇರಿಕೊಳ್ಳುವಷ್ಟು ಅಂತರ ಬಿಡಬೇಕು. ಹೆದ್ದಾರಿಯಲ್ಲಿ ಒಬ್ಬರ ಹಿಂದೊಬ್ಬರು. ಸೋಮನಾಥಪುರದ ಕಡೆಯ ಒಳರಸ್ತೆಯಲ್ಲಿ ವಾಹನಗಳಿಲ್ಲದಾಗ ಮಾತ್ರ ಇಬ್ಬರು ಜೋಡಿಯಾಗಿ. ಪ್ರತಿ ತಂಡಕ್ಕೂ ದಾರಿ ಬಲ್ಲ ಒಬ್ಬ ಮುಂದಾಳು, ಕೊನೆಯಲ್ಲಿ ಒಬ್ಬ ಅನುಭವಿ ಇರಬೇಕು. ಕೊನೆಯಲ್ಲಿರುವವರು ಯಾವ ಕಾರಣಕ್ಕೂ ಯಾರನ್ನೂ ಹಿಂದೆ ಬಿಟ್ಟು ಮುಂದೆ ಹೋಗಬಾರದು. ಗುಂಪಿನ ಅತ್ಯಂತ ಗಟ್ಟಿ ಸವಾರರಿಗೆ ವಹಿಸಬೇಕಾದ ಕೆಲಸ ಇದು. ಅವರನ್ನು ಮುಂದೆ ಬಿಟ್ಟರೆ ಗುಂಪು ಚದುರುತ್ತದೆ, ಕೊನೆಯಲ್ಲಿಟ್ಟರೆ ಹೊಸಬರಿಗೆ ಧೈರ್ಯವಾಗುತ್ತದೆ. ಮುಂದಾಳಿನ ಹಿಂದೆಯೇ ಎರಡನೆಯ ಸ್ಥಾನದಲ್ಲಿ ತಂಡದ ಅತ್ಯಂತ ನಿಧಾನದ ಸವಾರರನ್ನು ಇರಿಸಿಕೊಂಡರೆ ಅವರಿಗೆ ಮುಂದಿನವರ ಬೆನ್ನಿನ ಮರೆಯಲ್ಲಿ ಗಾಳಿಯ ತಡೆ ಕಡಿಮೆಯಾಗುತ್ತದೆ, ಮುಂದಾಳಿಗೂ ವೇಗ ಹೆಚ್ಚಿಸುವ ಆಸೆ ಹುಟ್ಟುವುದಿಲ್ಲ. ಹುಟ್ಟುಹಬ್ಬದ ಗೆಳೆಯನಿಗೆ ಮಾತ್ರ ಗೊತ್ತಾದ ಸ್ಥಾನ ಬೇಡ. ಒಮ್ಮೆ ಈ ತಂಡ, ಒಮ್ಮೆ ಆ ತಂಡ ಎಂದು ಓಡಾಡಿಕೊಂಡು ಪ್ರತಿಯೊಬ್ಬರ ಜೊತೆಗೂ ನಾಲ್ಕು ಮಾತಾಡಲಿ. ಜನ ಬಂದಿರುವುದು ಅದಕ್ಕೇ.

ಮುಂದಿನ ಚಕ್ರದ ಪಕ್ಕಕ್ಕೆ ನಮ್ಮ ಚಕ್ರವನ್ನು ತೂರಿಸಬಾರದು. ಮುಂದಿನವರು ಗುಂಡಿ ತಪ್ಪಿಸಲು ಸ್ವಲ್ಪ ವಾಲಿದರೂ ಹಿಂದಿನವರು ಬೀಳುತ್ತಾರೆ. ಹೊಸಬರು ಮುಂದಿನ ಸೈಕಲ್ಲಿಗೂ ತಮಗೂ ಎರಡು ಸೈಕಲ್ಲಿನಷ್ಟು ಉದ್ದದ ಅಂತರ ಇಟ್ಟುಕೊಳ್ಳಲಿ. ‘ಗುಂಡಿ’, ‘ಹಂಪು’, ‘ಹಿಂದೆ ಗಾಡಿ’, ‘ನಿಲ್ಲಿಸ್ತಿದೀನಿ’ ಎಂಬ ನಾಲ್ಕು ಕೂಗುಗಳು ಸಾಕು, ಆದರೆ ಅವು ಮುಂದಿನವರಿಂದ ಹಿಂದಿನವರೆಗೂ ಬಾಯಿಂದ ಬಾಯಿಗೆ ದಾಟಬೇಕು. ಹಳ್ಳಿಗಳ ಅಂಚಿನಲ್ಲಿ ಬಣ್ಣ ಬಳಿಯದ ಹಂಪುಗಳಿರುತ್ತವೆ. ಮರದ ನೆರಳು ಬಿದ್ದಾಗ ಕಣ್ಣಿಗೆ ಕಾಣುವುದಿಲ್ಲ. ಪ್ರತಿ ತಿರುವಿನಲ್ಲೂ, ಹಿಂದೆ ಬರುವವರು ಕಣ್ಣಿಗೆ ಕಂಡು ಕೈಯೆತ್ತುವವರೆಗೆ, ಮುಂದಿನ ತಂಡದ ಒಬ್ಬರು ನಿಂತಿರಬೇಕು. ಫೋನಿನ ನಕ್ಷೆಯನ್ನು ನೋಡಿಕೊಂಡು ಬರುತ್ತಾರೆ ಬಿಡಿ ಎನ್ನುವುದು ಸಲ್ಲದು, ಏಕೆಂದರೆ ನಕ್ಷೆ ನೋಡಲು ಒಂದು ಕೈ ಬಿಟ್ಟ ಹೊಸ ಸವಾರ ರಸ್ತೆಯ ಮೇಲೆ ಎಲ್ಲರಿಗಿಂತ ಅಪಾಯದಲ್ಲಿರುತ್ತಾನೆ.

ಈ ದಾರಿಗೇ ವಿಶೇಷವಾದ ಕೆಲವು ಅಪಾಯಗಳಿವೆ. ಚಳಿಗಾಲದ ಬೆಳಗಿನಲ್ಲಿ ನರಸೀಪುರದತ್ತ ಹೋಗುವಾಗ ಸೂರ್ಯ ಎದುರಿಗೇ, ತಗ್ಗಿನಲ್ಲೇ ಇರುತ್ತಾನೆ. ನಮ್ಮ ಕಣ್ಣಿಗೆ ತಂಪು ಕನ್ನಡಕ ಹಾಕಿಕೊಳ್ಳಬಹುದು. ಹಿಂದಿನಿಂದ ಬರುವ ಚಾಲಕನ ಕಣ್ಣೂ ಅದೇ ಬಿಸಿಲಿಗೆ ಕೋರೈಸುತ್ತಿರುತ್ತದೆ ಎಂಬುದನ್ನು ಮರೆಯಬಾರದು. ಅದಕ್ಕಾಗಿಯೇ ಬೆಳಕು ಹರಿದ ಮೇಲೂ ಹಿಂದಿನ ಕೆಂಪು ದೀಪ ಮಿನುಗುತ್ತಿರಬೇಕು, ಮೈಮೇಲೆ ಕಣ್ಣಿಗೆ ಹೊಡೆಯುವ ಬಣ್ಣವಿರಬೇಕು. ಕಬ್ಬಿನ ಕಟಾವಿನ ಕಾಲದಲ್ಲಿ ಟ್ರೇಲರಿನ ಅಗಲವನ್ನೂ ಮೀರಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್‌ಗಳು ಬರುತ್ತವೆ. ಅವು ದಾಟುವಾಗ ರಸ್ತೆಯಿಂದ ಇಳಿದು ನಿಲ್ಲುವುದರಲ್ಲಿ ಸಣ್ಣತನವೇನೂ ಇಲ್ಲ. ಡಿಸೆಂಬರ್, ಜನವರಿಯಲ್ಲಿ ರೈತರು ಹುರುಳಿ, ರಾಗಿ ತೆನೆಗಳನ್ನು ವಾಹನಗಳು ತುಳಿದು ಒಕ್ಕಣೆಯಾಗಲೆಂದು ರಸ್ತೆಯ ಮೇಲೆ ಹರಡಿರುವುದುಂಟು. ಕಾರಿಗೆ ಅದು ಮೆತ್ತನೆಯ ಹಾಸು, ಸೈಕಲ್ಲಿಗೆ ಹಾಗಲ್ಲ. ಹುರುಳಿಯ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡರೆ ಗೇರು ಹಿಡಿದಿರುವ ಕೊಂಡಿಯೇ ಮುರಿಯಬಹುದು, ಕಾಳಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಅಲ್ಲಿ ಇಳಿದು ಸೈಕಲ್ಲನ್ನು ಎತ್ತಿಕೊಂಡು ನಡೆಯುವುದೇ ಸರಿ, ಅದರಲ್ಲೂ ಕೆಲಸ ಮಾಡುತ್ತಿರುವವರಿಗೆ ಒಂದು ಮಾತು ಹೇಳಿ. ಬೆನ್ನಟ್ಟುವ ನಾಯಿಗಳ ವಿಷಯದಲ್ಲಿ ವೇಗ ಹೆಚ್ಚಿಸುವುದಕ್ಕಿಂತ ನಿಧಾನಿಸಿ, ಗಟ್ಟಿಯಾಗಿ ಗದರಿಸುವುದು ಹೆಚ್ಚಿನ ಸಲ ಕೆಲಸ ಮಾಡುತ್ತದೆ.

ಹೆಲ್ಮೆಟ್ ಇಲ್ಲದೆ ಬಂದವರನ್ನು ಹೊರಡಿಸಬಾರದು, ಅವರು ಎಷ್ಟೇ ಹಿರಿಯರಾಗಿರಲಿ. ಬ್ಯಾಂಡೇಜು, ಗಾಯ ತೊಳೆಯುವ ಔಷಧ ಇರುವ ಪೊಟ್ಟಣವೊಂದು ಪ್ರತಿ ತಂಡದಲ್ಲೂ ಇರಲಿ. ಆಂಬುಲೆನ್ಸಿಗೆ 108, ಇತರ ತುರ್ತಿಗೆ 112. ನರಸೀಪುರ ತಾಲ್ಲೂಕು ಕೇಂದ್ರವಾದ್ದರಿಂದ ಅಲ್ಲಿ ಸರ್ಕಾರಿ ಆಸ್ಪತ್ರೆಯೂ ಇದೆ. ಎಲ್ಲರ ಮನೆಯವರ ಫೋನ್ ಸಂಖ್ಯೆ, ರಕ್ತದ ಗುಂಪು, ಯಾರಿಗಾದರೂ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇದ್ದರೆ ಆ ವಿವರ ಹೊಣೆ ಹೊತ್ತವರ ಬಳಿ ಒಂದು ಚೀಟಿಯಲ್ಲಿ ಬರೆದಿರಬೇಕು; ಫೋನಿನಲ್ಲಿ ಮಾತ್ರ ಇದ್ದರೆ ಚಾರ್ಜು ಮುಗಿದಾಗ ಕೈಗೆ ಸಿಗುವುದಿಲ್ಲ.

ನೀರು, ತಿಂಡಿ, ಸಿಹಿ

ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕಾಗುತ್ತದೆ, ಬಿಸಿಲಿಗೆ ತಕ್ಕಂತೆ ಇನ್ನೂ ಹೆಚ್ಚು. ಬಾಯಾರುವವರೆಗೆ ಕಾಯದೆ ಕಾಲುಗಂಟೆಗೊಮ್ಮೆ ಎರಡು ಗುಟುಕು ಕುಡಿಯುವುದು ಒಳ್ಳೆಯ ಅಭ್ಯಾಸ. ಬೆವರಿನಲ್ಲಿ ಹೋಗುವ ಉಪ್ಪನ್ನು ತುಂಬಲು ಓಆರ್‌ಎಸ್ ಬಳಸುವುದಾದರೆ ಪೊಟ್ಟಣದ ಮೇಲೆ ಹೇಳಿರುವಷ್ಟೇ ನೀರಿಗೆ ಬೆರೆಸಬೇಕು. ಗಟ್ಟಿಯಾಗಿ ಬೆರೆಸಿದರೆ ಹೆಚ್ಚು ಲಾಭ ಎಂಬುದು ತಪ್ಪು ತಿಳುವಳಿಕೆ. ರಸ್ತೆ ಬದಿಯ ಎಳನೀರು, ಉಪ್ಪು ಹಾಕಿದ ನೀರು ಮಜ್ಜಿಗೆ ಎರಡೂ ಈ ಕೆಲಸಕ್ಕೆ ಚೆನ್ನಾಗಿಯೇ ಒದಗುತ್ತವೆ. ಬಾಳೆಹಣ್ಣು, ಖರ್ಜೂರ, ಕಡಲೆ ಮಿಠಾಯಿ ಜೇಬಿನಲ್ಲಿರಲಿ, ಮುಕ್ಕಾಲು ಗಂಟೆಗೊಮ್ಮೆ ಏನಾದರೊಂದು ಹೊಟ್ಟೆಗೆ ಬೀಳುತ್ತಿರಲಿ. ನರಸೀಪುರದ ತಿಂಡಿಗೆ ಇಡ್ಲಿಯೇ ಕ್ಷೇಮ. ಮಸಾಲೆ ದೋಸೆಯನ್ನು ಹನ್ನೆರಡು ಜನರಿಗೆ ಹುಯ್ದು ಕೊಡುವ ಹೊತ್ತಿಗೆ ಒಂದು ಗಂಟೆ ಕಳೆದಿರುತ್ತದೆ, ಎಣ್ಣೆಯೂ ಹೊಟ್ಟೆಯಲ್ಲಿ ಭಾರವಾಗುತ್ತದೆ. ಹೋಟೆಲಿನವರಿಗೆ ಹಿಂದಿನ ದಿನವೇ ಫೋನು ಮಾಡಿ ಇಷ್ಟು ಜನ ಬರುತ್ತೇವೆಂದು ಹೇಳಿಟ್ಟರೆ ಇಬ್ಬರಿಗೂ ಅನುಕೂಲ. ಶೌಚಾಲಯ ಚೊಕ್ಕಟವಾಗಿದೆಯೇ ಎಂಬುದನ್ನೂ ಆಗಲೇ ವಿಚಾರಿಸಬೇಕು. ಗುಂಪಿನಲ್ಲಿ ಹೆಂಗಸರಿದ್ದರೆ ನಿಲುಗಡೆಗಳನ್ನು ಆರಿಸುವಾಗ ಇದೇ ಮೊದಲ ಪ್ರಶ್ನೆಯಾಗಬೇಕು, ರುಚಿಯದ್ದಲ್ಲ. ಹೊಸ ಪೆಟ್ರೋಲ್ ಬಂಕುಗಳು ಈ ವಿಷಯದಲ್ಲಿ ನೆರವಾಗುತ್ತವೆ.

ಕ್ರೀಮ್ ಕೇಕನ್ನು ಸೈಕಲ್ಲಿನಲ್ಲಾಗಲಿ ಲಗೇಜ್ ಆಟೊದಲ್ಲಾಗಲಿ ಬಿಸಿಲಲ್ಲಿ ನಲವತ್ತು ಕಿಲೋಮೀಟರ್ ಸಾಗಿಸುವುದು ವ್ಯರ್ಥ ಪ್ರಯತ್ನ. ಮೈಸೂರಿನಿಂದಲೇ ಹೊರಟಿರುವಾಗ ಮೈಸೂರು ಪಾಕನ್ನು ಒಯ್ಯದಿರಲು ಕಾರಣವೂ ಇಲ್ಲ. ಗಟ್ಟಿ ಬಗೆಯದನ್ನು ಒಯ್ದರೆ ಕರಗುವ ಭಯವಿಲ್ಲ, ಹಂಚುವುದು ಸುಲಭ, ಕಾಲಿಗೆ ಬೇಕಾದ ಶಕ್ತಿಯೂ ಅದರಲ್ಲಿದೆ. ಹೊಗೆಯುಗುಳುವ ಡಬ್ಬಿ, ಫೋಮು, ಬಣ್ಣದ ಚೂರು ಹಾರಿಸುವ ಸಾಮಾನುಗಳನ್ನು ಮನೆಯಲ್ಲೇ ಬಿಟ್ಟು ಬರಬೇಕು.

ಸಿಹಿ ಹಂಚುವ ಜಾಗ ಸೋಮನಾಥಪುರದ ಗುಡಿಯ ಹೊರಗಿನ ಮರದ ನೆರಳು, ಒಳಗಲ್ಲ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು 1258ರ ಸುಮಾರಿಗೆ ಕಟ್ಟಿಸಿದ ಈ ಕೇಶವ ದೇವಾಲಯ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಬೇಲೂರು, ಹಳೇಬೀಡುಗಳ ಜೊತೆಗೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದೆ. ಇಲ್ಲಿ ಒಂದು ಗಂಟೆ ನಿಲ್ಲುವುದನ್ನು ಸಮಯದ ಪಟ್ಟಿಯಲ್ಲಿ ಸೇರಿಸಿರುವುದು ಕಾಲಿಗೆ ವಿಶ್ರಾಂತಿ ಸಿಗಲೆಂದು ಮಾತ್ರವಲ್ಲ. ಹೊರಗೋಡೆಯ ಮೂರ್ತಿಗಳಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರು ಕೆತ್ತಿರುವುವು ಹಲವಾರಿವೆ. ಅವನ್ನು ಹುಡುಕುತ್ತ ಸುತ್ತು ಬಂದರೆ ಗಂಟೆ ಕಳೆದದ್ದೇ ತಿಳಿಯುವುದಿಲ್ಲ. ಚಪ್ಪಲಿ ಬಿಟ್ಟು ಬಿಸಿಲಿಗೆ ಕಾದ ಕಲ್ಲಿನ ಮೇಲೆ ನಡೆಯಬೇಕಾಗುವುದರಿಂದ ಜೊತೆಗೊಂದು ಕಾಲುಚೀಲ ಇರಲಿ. ಸೈಕಲ್ಲುಗಳನ್ನು ಒಂದಕ್ಕೊಂದು ಸೇರಿಸಿ ಉದ್ದನೆಯ ಕೇಬಲ್ಲಿನಿಂದ ಬೀಗ ಹಾಕಿ, ಸರದಿಯ ಮೇಲೆ ಒಬ್ಬರು ಬಳಿಯಲ್ಲೇ ಕೂರಬೇಕು. ನರಸೀಪುರದ ಸಂಗಮದಲ್ಲಾಗಲಿ, ತಲಕಾಡಿಗೆ ಹೋದವರು ಅಲ್ಲಿಯ ಮರಳಿನ ದಂಡೆಯಲ್ಲಾಗಲಿ ಹೊಳೆಗೆ ಇಳಿದು ಈಜುವ ಯೋಚನೆ ಮಾಡಬಾರದು. ಕಾವೇರಿ ಅಲ್ಲಿ ಶಾಂತವಾಗಿ ಕಂಡರೂ ಮಡು, ಸುಳಿಗಳಿವೆ, ದಣಿದ ಕಾಲು ನೀರಿನಲ್ಲಿ ಸೆಟೆದುಕೊಂಡರೆ ದಡ ಸೇರುವುದು ಕಷ್ಟ.

ಬನ್ನೂರು ಎಂದಕೂಡಲೇ ಅಲ್ಲಿಯ ಕುರಿತಳಿಯೂ ಅದರ ಮಾಂಸದ ರುಚಿಯೂ ನೆನಪಾಗುವವರು ಗುಂಪಿನಲ್ಲಿ ಇದ್ದೇ ಇರುತ್ತಾರೆ. ಬಾಡೂಟದ ಮೇಲೆ ಇಪ್ಪತ್ತೈದು ಕಿಲೋಮೀಟರ್ ಏರುದಾರಿ ತುಳಿಯುವುದು ಯಾರಿಗೂ ಹಿತವಲ್ಲ. ಬನ್ನೂರಿನಲ್ಲಿ ಕಬ್ಬಿನ ಹಾಲೋ ಮಜ್ಜಿಗೆಯೋ ಕುಡಿದು, ನೀರು ತುಂಬಿಸಿಕೊಂಡು ಹೊರಟು, ದೊಡ್ಡ ಊಟವನ್ನು ಮೈಸೂರಿಗೆ ಮರಳಿದ ಮೇಲೆ ಇಟ್ಟುಕೊಳ್ಳಬೇಕು. ಈ ಕೊನೆಯ ಹಂತದಲ್ಲಿ ತಂಡಗಳನ್ನು ಮತ್ತೊಮ್ಮೆ ಹೊಂದಿಸಿ, ಐದೈದು ಕಿಲೋಮೀಟರಿಗೆ ನೆರಳಿನಲ್ಲಿ ನಿಲ್ಲುವುದು ಒಳ್ಳೆಯದು. ಯಾರಾದರೂ ಮಾತು ನಿಲ್ಲಿಸಿ ಸುಮ್ಮನಾದರೆ, ತಲೆ ಸುತ್ತುತ್ತದೆ, ಮೈ ಚಳಿಯಾಗುತ್ತದೆ ಎಂದರೆ, ಅವರ ‘ಪರವಾಗಿಲ್ಲ, ಬರ್ತೀನಿ’ ಎಂಬ ಮಾತನ್ನು ಕೇಳದೆ ನೆರಳಿನಲ್ಲಿ ಕೂರಿಸಿ, ತಲೆ ಕತ್ತುಗಳಿಗೆ ನೀರು ಹಾಕಿ, ಆಟೊ ಹತ್ತಿ ಬರುವಂತೆ ಒಪ್ಪಿಸಬೇಕು. ಹತ್ತು ನಿಮಿಷದಲ್ಲಿ ಚೇತರಿಸಿಕೊಳ್ಳದಿದ್ದರೆ ಆಸ್ಪತ್ರೆಗೆ ಕರೆದೊಯ್ಯಬೇಕು. ಊರು ಹತ್ತಿರವಾದಂತೆ ಗಟ್ಟಿಗರಿಗೆ ಓಡುವ ಹುಮ್ಮಸ್ಸು ಬರುತ್ತದೆ. ಹೊರ ವರ್ತುಲ ರಸ್ತೆಯ ಸಮೀಪ ಎಲ್ಲರೂ ನಿಂತು, ಹಿಂದಿನ ತಂಡ ಬಂದು ಕೂಡಿಕೊಂಡ ಮೇಲೆ, ಹುಟ್ಟುಹಬ್ಬದ ಗೆಳೆಯನನ್ನು ಮುಂದಿಟ್ಟುಕೊಂಡು ಊರೊಳಗೆ ಪ್ರವೇಶಿಸುವ ನಿಯಮವನ್ನು ಬೆಳಿಗ್ಗೆಯೇ ಹೇಳಿಬಿಟ್ಟಿರಬೇಕು.

ಊಟದ ಮೇಜಿನಲ್ಲೇ ಖರ್ಚಿನ ಲೆಕ್ಕ ಮುಗಿಸುವುದು ಲೇಸು: ತಿಂಡಿ, ಆಟೊ ಬಾಡಿಗೆ, ಪ್ರವೇಶ ಶುಲ್ಕ, ಸಿಹಿ, ಊಟ ಎಲ್ಲವನ್ನೂ ಕೂಡಿಸಿ, ಹುಟ್ಟುಹಬ್ಬದವರನ್ನು ಬಿಟ್ಟು ಉಳಿದವರಿಗೆ ಸಮನಾಗಿ ಹಂಚಬೇಕು. ಆಟೊದ ಚಾಲಕರನ್ನೂ ಊಟಕ್ಕೆ ಕೂರಿಸಿಕೊಳ್ಳಬೇಕು. ಬಾಡಿಗೆ ಸೈಕಲ್ಲುಗಳನ್ನು ಅಂದು ಸಂಜೆಯೇ ಹಿಂದಿರುಗಿಸಲು ಒಬ್ಬರನ್ನು ಗೊತ್ತುಮಾಡಿ, ಚೈನಿಗೆ, ಗೇರಿಗೆ ಸಿಕ್ಕಿಕೊಂಡ ಹುಲ್ಲು ತೆಗೆದು ಒರೆಸಿಯೇ ಕೊಡಬೇಕು. ಬೆಂಗಳೂರಿಗೆ ಕಾರು ಓಡಿಸಿಕೊಂಡು ಹೋಗಬೇಕಾದವರು ಊಟದ ಮೇಲೆ ಒಂದೆರಡು ತಾಸು ಮಲಗಿ ಎದ್ದು ಹೊರಡಲಿ, ಅಥವಾ ಅಂದು ತುಳಿಯದವರ ಕೈಗೆ ಸ್ಟಿಯರಿಂಗ್ ಕೊಡಲಿ. ಎಂಟು ಗಂಟೆ ಬಿಸಿಲಿನಲ್ಲಿದ್ದ ಮೈಗೆ ಸಂಜೆಯ ಹೆದ್ದಾರಿಯಲ್ಲಿ ನಿದ್ದೆ ಹತ್ತುವುದು ಬೇಗ.